ಕಣ್ಣು ಮುಚ್ಚಿ ಬಿಗಿಯಬೇಕು

ನಮ್ಮ ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬಿಗಿಯುವಾಗ ಕಣ್ಣು ಮುಚ್ಚಿಕೊಳ್ಳಬೇಕು. ಅದು ದೊಡ್ಡಪ್ಪ ಮಾಡಿದ ನಿಯಮ. "ಕಣ್ಣಿಗೆ ಆಸೆ ಜಾಸ್ತಿ ಕಣೇ. ಇನ್ನೊಂಚೂರು, ಇನ್ನೊಂಚೂರು ಅನ್ನುತ್ತೆ. ಬೆರಳು ಮರ್ಯಾದಸ್ಥ. ಸಾಕು ಅಂದ್ರೆ ಸಾಕು" ಅನ್ನುತ್ತಿದ್ದರು.

ಆ ಮಧ್ಯಾಹ್ನ ಅವರು ಗ್ಯಾರೇಜಿನ ಬೀಗದ ಕೈಯನ್ನು ಬೆಂಚಿನ ಮೇಲಿಟ್ಟರು.

"ನಾಲ್ಕು ಪ್ಲಗ್ಗು. ಸರಿಯಾಗಿ ಕೂರಿಸಿದ್ರೆ ನಾಳೆಯಿಂದ ಗ್ಯಾರೇಜು ನಿಂದು. ಇಲ್ಲ ಅಂದ್ರೆ ನಿಮ್ಮಣ್ಣನ ಥರ ಯಾರದೋ ವ್ಯಾನ್ ಓಡಿಸ್ಕೊಂಡಿರು."

ಎರಡು ವರ್ಷದ ಹಿಂದೆ ಅಣ್ಣನಿಗೂ ಇದೇ ಪರೀಕ್ಷೆ, ಇದೇ ಬೂದು ಬಣ್ಣದ ಕಾರು. 'ಮೂರನೇದು ಕೂರೋದೇ ಇಲ್ಲ, ತಿರುಗ್ತಾನೇ ಇರುತ್ತೆ' ಅಂದಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನೆಮಂದಿಯೆಲ್ಲ ನಕ್ಕಿದ್ದೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ. ಅವನು ಸೋತರೆ ಮುಂದಿನ ಸರದಿ ನನ್ನದಲ್ಲವೇ? ಅಂದಿನಿಂದ ಕಾರು ಟಾರ್ಪಾಲಿನಡಿ ನಿಂತಿತ್ತು.

ಇಂಜಿನ್ ತಣ್ಣಗಿತ್ತು. ಪ್ಲಗ್ಗು ಕೂರುವ ರಂಧ್ರಗಳಿಗೆ ಗಾಳಿ ಹೊಡೆದು ಧೂಳು ತೆಗೆದೆ. ಹೊಸ ಪ್ಲಗ್ಗನ್ನು ರಬ್ಬರ್ ಕೊಳವೆಯ ತುದಿಗೆ ಸಿಕ್ಕಿಸಿ ಒಳಗಿಳಿಸಿ, ಕಣ್ಣು ಮುಚ್ಚಿ, ಬೆರಳಿನಿಂದಲೇ ತಿರುಗಿಸಿದೆ. ಹದಿನಾಲ್ಕನೇ ಸುತ್ತಿಗೆ ಕೂತಿತು. ಆಮೇಲೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು, ಅಷ್ಟೇ. ವಾಷರ್ ಮೆತ್ತಗೆ ನಲುಗಿದ್ದು ಮೊಣಕೈವರೆಗೂ ತಿಳಿಯಿತು. ಎರಡನೆಯದೂ ಹದಿನಾಲ್ಕಕ್ಕೇ ಕೂತಿತು.

"ಹೂಂ" ಅಂದರು ದೊಡ್ಡಪ್ಪ. ಹಳೆಯ ಟೈರಿನ ಮೇಲೆ ಕೂತು, ಬಾಗಿಲಿನ ಕಡೆ ಮುಖ ಮಾಡಿ, ಅವರೂ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು.

ಮೂರನೆಯದು ಹದಿನಾಲ್ಕು ದಾಟಿತು. ಹದಿನೆಂಟು. ಇಪ್ಪತ್ತು. ತಿರುಪಿನ ಥ್ರೆಡ್ಡು ಸವೆದಿದ್ದರೆ ಪ್ಲಗ್ಗು ಸಡಿಲವಾಗಿ ಸುತ್ತಬೇಕಿತ್ತು. ಇದು ಹಾಗಲ್ಲ, ಒಂದೇ ಹದದ ಬಿಗಿಯಲ್ಲಿ ಒಳಗೆ ಇಳಿಯುತ್ತಲೇ ಇತ್ತು. ಇಪ್ಪತ್ತಾರನೇ ಸುತ್ತಿಗೆ ಬೆಂಚಿನ ಮೇಲೆ ಏನೋ ಟಣ್ಣೆಂದಿತು. ನಾನು ನಿಯಮ ಮುರಿದು ಕಣ್ಣು ಬಿಟ್ಟೆ.

ಗ್ರೀಸ್ ಡಬ್ಬಿಯ ಮುಚ್ಚಳ ತಾನಾಗಿ ಕಳಚಿ ಬಿದ್ದಿತ್ತು. ಬಾಗಿಲ ಕೀಲಿನ ಸ್ಕ್ರೂಗಳು ಬೆರಳುದ್ದ ಹೊರಬಂದಿದ್ದವು. ನಲ್ಲಿಯಿಂದ ನೀರು ಸಣ್ಣಗೆ ಇಳಿಯುತ್ತಿತ್ತು. ಬಾಗಿಲಿನ ಕಡೆಗಿದ್ದ ದೊಡ್ಡಪ್ಪನ ಮುಖ ಈಗ ಎಡಗಡೆಯ ಗೋಡೆಯತ್ತ ಇತ್ತು. ಹೆಗಲು ಮಾತ್ರ ಮೊದಲಿದ್ದಲ್ಲೇ ಇತ್ತು.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಸುತ್ತು ಹಾಕಿದೆ. ಅವರ ಗದ್ದ ಹೆಗಲನ್ನು ದಾಟಿತು. ಸುಳ್ಳು ಯಾಕೆ ಹೇಳಲಿ, ಅದರ ಮುಂದಿನ ಸುತ್ತು ಬೀಗದ ಕೈಗಾಗಿ ಹಾಕಿದ್ದು. ಕೂತೇ ಬಿಡಬಹುದೇನೋ ಅನ್ನಿಸಿತ್ತು. ಅವರ ಕತ್ತಿನ ಚರ್ಮ ಹಿಂಡಿದ ಬಟ್ಟೆಯಂತೆ ನಿರಿಗೆಗಟ್ಟಿತು. ಮುಖದಲ್ಲಿ ಮಾತ್ರ ನೋವಿನ ಸುಳಿವೇ ಇರಲಿಲ್ಲ.

ಪ್ಲಗ್ಗನ್ನು ಹಿಂದಕ್ಕೆ ತಿರುಗಿಸತೊಡಗಿದೆ. ಸ್ಕ್ರೂಗಳು ಒಳಸರಿದವು, ನಲ್ಲಿ ನಿಂತಿತು, ಮುಖ ಬಾಗಿಲಿನತ್ತ ಬಂತು. ಪ್ಲಗ್ಗು ಕೈಗೆ ಬಂದಾಗ ಬೆವರಿಗೆ ಬೆನ್ನೆಲ್ಲ ಒದ್ದೆಯಾಗಿತ್ತು.

"ದೊಡ್ಡಪ್ಪಾ, ಇದು ಕೂರಲ್ಲ."

"ಎಷ್ಟು ಸುತ್ತು ಹಾಕ್ದೆ?"

"ಇಪ್ಪತ್ತೆಂಟು."

"ಅಷ್ಟಕ್ಕೇನಾ! ನಿಮ್ಮಣ್ಣ ನಲವತ್ತರ ತನಕ ಹೋಗಿದ್ದ." ಅವರು ಕತ್ತು ನೀವಿಕೊಂಡರು. ಆ ಕತ್ತು ನೋವಿಗೆ ಎರಡು ವರ್ಷವಾಗಿತ್ತು. ದಿಂಬಿನ ತಪ್ಪೆಂದು ದೊಡ್ಡಮ್ಮ ಮೂರು ದಿಂಬು ಬದಲಿಸಿದ್ದರು.

"ನಿಮ್ಮ ತಲೆ ತಿರುಗ್ತಾ ಇತ್ತು ದೊಡ್ಡಪ್ಪಾ. ನಾನು ಕಣ್ಣಾರೆ ನೋಡ್ದೆ."

"ಕಣ್ಣು ಬಿಟ್ಯಾ?" ಅವರಿಗೆ ಸಿಟ್ಟು ಬಂದಿದ್ದು ಅದಕ್ಕೆ. "ಅಲ್ಲೇ ಕೆಟ್ಟೋಯ್ತು ನೋಡು. ಅಣ್ಣ ತಂಗಿ ಇಬ್ಬರೂ ಒಂದೇ ಜಾತಿ ಕಳ್ಳರು, ಕೈಲಾಗದಿದ್ರೆ ಒಂದು ಕಥೆ." ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. "ಸರಿ ಆಕಡೆ. ಒಂದು ಪ್ಲಗ್ಗಿಗೆ ನನ್ನ ಗ್ಯಾರೇಜು ಸೋಲೋದಾ?"

"ಬೇಡ ದೊಡ್ಡಪ್ಪಾ."

"ನೋಡಿ ಕಲಿ."

ಅವರು ಕಣ್ಣು ಮುಚ್ಚಿ, ಗಟ್ಟಿಯಾಗಿ ಎಣಿಸುತ್ತಾ ತಿರುಗಿಸಿದರು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಹದಿನೈದರಲ್ಲಿ ಬೆರಳುಗಳು ನೋಟದ ಅಂಚಿಗೆ ಸರಿದವು. ಹದಿನೆಂಟರಲ್ಲಿ ಕಂಡಿದ್ದು ಕಾರಿನ ದೀಪ. ಆಮೇಲೆ ಟೈರುಗಳ ರಾಶಿ. ನಾನು ತಲೆ ಆಡಿಸಿರಲಿಲ್ಲ. ಆಡಿಸಬೇಕೆಂದರೂ ಆಗುತ್ತಿರಲಿಲ್ಲ. ನೋವೇ ಇರಲಿಲ್ಲ. ಒಂಥರಾ ಹಗುರ, ಅಷ್ಟೇ.

"ದೊಡ್ಡಪ್ಪಾ, ಕಣ್ಣು ಬಿಡಿ."

"ಮಾತಾಡ್ಬೇಡ. ಕೂರ್ತಾ ಇದೆ."

ಈಗ ನನ್ನೆದುರಿಗೆ ಇರುವುದು ಬೆನ್ನ ಹಿಂದಿನ ಗೋಡೆ. ಅವರು ಕಾಣುತ್ತಿಲ್ಲ, ಎಣಿಕೆ ಮಾತ್ರ ಕೇಳುತ್ತಿದೆ. ಇಪ್ಪತ್ತೆಂಟು. ಇಪ್ಪತ್ತೊಂಬತ್ತು.