ರೈಟರ್ ಪಾರ್ಟು ಮಾಡಿದ ಸಿನಿಮಾ

ವನಗೂರು ಕಡೆಯ ನಮ್ಮ ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆ ಅಂದರೆ ಒಂದೇ ಕೋಣೆ. ಮಳೆ ಬಂದರೆ ಹಾಸಿಗೆ ಸುತ್ತಿಕೊಂಡು ಮೂಲೆಯಲ್ಲಿ ಕೂರಬೇಕು. ಅಂಥದೊಂದು ಕೋಣೆಯಲ್ಲಿ ಹುಲಿಯಮ್ಮ, ವಿಶಾಲಮ್ಮ ಎಷ್ಟೋ ವರ್ಷಗಳಿಂದ ಒಟ್ಟಿಗಿದ್ದರು. ಇಬ್ಬರೂ ಕಾಫಿ ಹಣ್ಣು ಕುಯ್ಯುವವರು. ನಮ್ಮ ಕೆಲಸ ನೋಡಿಕೊಳ್ಳುವ ರೈಟರ್ ಶಾಂತಮಲ್ಲಪ್ಪನಿಗೆ ಅದೂ ಕಣ್ಣು ಕುಕ್ಕಿತು.

"ಲೈನ್ ಮನೆ ಗಂಡ-ಹೆಂಡ್ತೀಗೆ ಮಾತ್ರ. ನಿಮ್ಮಲ್ಲಿ ಗಂಡ ಯಾರು?" ಎಂದ.

"ಸೌದೆ ಒಡೆಯೋಳು ನಾನು, ಬೈಯೋಳು ಇವಳು. ನೀವೇ ಹೇಳಿ ರೈಟ್ರೇ," ಎಂದಳು ಹುಲಿಯಮ್ಮ.

"ತಿಂಗಳೊಳಗೆ ಖಾಲಿ ಮಾಡಿ," ಎಂದು ಅವನು ಹೊರಟ.

ಎರಡು ಸಾವಿರದ ನಾಲ್ಕನೇ ಇಸವಿ. ಆಗಲೇ ಇವರಿಬ್ಬರ ಸುದ್ದಿ ಕೇಳಿ ಹಾಸನದಿಂದ ಶೃತಿ ಎಂಬ ಹುಡುಗಿ ವಿಡಿಯೋ ಕ್ಯಾಮೆರಾ ಹೊತ್ತು ಬಂದಳು.

"ನಾನೂ ಒಬ್ಬ ಹುಡುಗೀನ ಇಷ್ಟಪಟ್ಟೋಳು ಕಣಕ್ಕಾ. ಮನೆಯೋರು ಓಡಿಸ್ಬುಟ್ರು. ನಮ್ಮ ಕಥೆ ನಾವೇ ಸಿನಿಮಾ ಮಾಡ್ಬೇಕು," ಎಂದಳು.

ಭಾನುವಾರಗಳಂದು ಲೈನಿನವರೆಲ್ಲ ಸೇರಿದೆವು. ಹುಲಿಯಮ್ಮ, ವಿಶಾಲಮ್ಮ ತಮ್ಮ ಪಾರ್ಟು ತಾವೇ ಮಾಡಿದರು. ಮನೆ ಬಿಡಿಸುವವನ ಪಾರ್ಟಿಗೆ ಯಾರೂ ಒಪ್ಪಲಿಲ್ಲ. ಹುಲಿಯಮ್ಮ ನೇರವಾಗಿ ರೈಟರ್ ಬಳಿಗೇ ಹೋದಳು.

"ಜೋರು ಮನುಷ್ಯಂದು ಒಂದು ಪಾರ್ಟು ಐತೆ. ನಿಮ್ಮಂಥ ಗಂಟ್ಲು ಯಾರ್ಗೂ ಇಲ್ಲ."

ಅವನು ಮುಖಕ್ಕೆ ಪೌಡರ್ ಬಳಿದು, ಮದುವೆಯ ಕೋಟು ತೊಟ್ಟು ಬಂದ. "ಹೊರಡ್ರೇ ಇಲ್ಲಿಂದ!" ಎಂದು ಗುಡ್ಡ ಅದುರುವಂತೆ ಕಿರುಚಿದ. ಸಾಕು ಎಂದರೂ ಬಿಡದೆ, "ಇನ್ನೊಂದ್ಸಲ ತೆಗಿಯಮ್ಮ, ಕೈ ಸರಿಯಾಗಿ ಎತ್ಲಿಲ್ಲ," ಅನ್ನುತ್ತಿದ್ದ. ತಾನೇ ಹೀರೋ ಅಂದುಕೊಂಡಿದ್ದ.

ಕಾಫಿ ಒಣಗಿಸುವ ಕಣದಲ್ಲಿ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸಿದೆವು. ರೈಟರ್ ತನ್ನ ಹೆಂಡತಿ ಗಂಗಾಮಣಿಯ ಜೊತೆ ಮುಂದಿನ ಕುರ್ಚಿಯಲ್ಲಿ ಕೂತ.

ಪಂಚೆಯ ಮೇಲೆ ವಿಶಾಲಮ್ಮ ಹೇಳಿದಳು: "ಗಂಡ ಸತ್ತ ಮ್ಯಾಲೆ ಉಂಡ್ಯಾ ಅಂತ ನನ್ನ ಕೇಳ್ದೋಳು ಇವಳೊಬ್ಳೇ. ನಂಗೆ ಇವಳೇ ಬೇಕು."

ಆಮೇಲೆ ಕೋಟಿನ ಶಾಂತಮಲ್ಲಪ್ಪ ಬಂದು ಕಿರುಚಿದ. ಕಣವೆಲ್ಲ ಬಿದ್ದು ಬಿದ್ದು ನಕ್ಕಿತು.

"ಮನೇಲೂ ಹಿಂಗೇ ಕಣ್ರೀ!" ಎಂದು ಗಂಗಾಮಣಿಯೂ ನಕ್ಕಳು.

ಮಾರನೆಯ ಬೆಳಗ್ಗೆ ಅವನು ಇಬ್ಬರ ಪಾತ್ರೆಗಳನ್ನು ಹೊರಗೆಸೆದು ಬಾಗಿಲಿಗೆ ಬೀಗ ಹಾಕಿದ. "ಸಂಸಾರಸ್ಥರಿಗೆ ಮಾತ್ರ ಮನೆ!"

ಪಕ್ಕದ ಮನೆಯ ರಾಮಮ್ಮ ತನ್ನ ಹಂಡೆಯನ್ನು ದರದರ ಎಳೆದು ತಂದಳು. "ಹಂಗಾದ್ರೆ ನಮ್ಮನೆಗೂ ಬೀಗ ಹಾಕಿ. ನನ್ನ ಗಂಡ ಈ ಜವರಯ್ಯ ನಂಜೊತೆ ಮಾತಾಡಿ ವರ್ಷ ಆಗೋಯ್ತು. ಇವರಷ್ಟು ಸಂಸಾರ ನಾವು ಮಾಡಿಲ್ಲ."

"ಹೌದು ಕಣ್ರೀ," ಎಂದ ಜವರಯ್ಯ.

"ಅಯ್ಯೋ, ಮಾತಾಡ್ಬುಟ್ಟ!" ಎಂದಳು ರಾಮಮ್ಮ.

ನಾವೆಲ್ಲ ನಮ್ಮ ನಮ್ಮ ಪಾತ್ರೆ ಹೊರಗಿಟ್ಟು ಅಲ್ಲೇ ಕೂತೆವು. ತೋಟದಲ್ಲಿ ಕೆಂಪು ಹಣ್ಣು ಉದುರುತ್ತಿತ್ತು. ಕುಯ್ಯಲು ಒಬ್ಬರೂ ಏಳಲಿಲ್ಲ. ಮಧ್ಯಾಹ್ನ ಎಸ್ಟೇಟ್ ಸ್ಟೋರಿನ ಫೋನಿಗೆ ತೋಟದ ಒಡೆಯರಾದ ಸಾಹುಕಾರರ ಕರೆ ಬಂತು. ಯಾರು ಯಾರ ಗಂಡ ಎಂಬ ಚಿಂತೆ ಅವರಿಗಿರಲಿಲ್ಲ, ಹಣ್ಣಿನ ಚಿಂತೆ ಇತ್ತು. ರೈಟರ್ ಬಂದು ಬೀಗ ತೆಗೆದ.

"ಸರಿ, ಒಳಗೋಗಿ."

ಹುಲಿಯಮ್ಮ ಕದಲಲಿಲ್ಲ. "ಯಾರ ಮನೆ ಒಳಕ್ಕೆ?"

"ನಿಮ್ಮನೆ."

"ನಿಮ್ಮ ಅಂದ್ರೆ?"

ಅವನು ವಿಶಾಲಮ್ಮನ ಕಡೆಗೂ ನೋಡಿ, "ನಿಮ್ಮಿಬ್ರುದು," ಎಂದು ಗೊಣಗಿದ.

"ಜೋರಾಗಿ ಹೇಳಿ ರೈಟ್ರೇ. ಹಿಂದಿನ ಲೈನಿಗೆ ಕೇಳಿಸ್ಲಿಲ್ಲ."