ತಲುಪು ಮುಯ್ಯಿ

ಲಾರಿಗೆ ಹುಲಿ ಬರೆದಿದ್ದೇನೆ, ನವಿಲು ಬರೆದಿದ್ದೇನೆ. ಮನೆಯ ಕಾರಿನ ಮೇಲೆ ರೈಲು ಎಂಜಿನ್ ಬರೆದುಕೊಡು ಎಂದು ಬಂದವರು ಕೋದಂಡರಾಮಪ್ಪ ಒಬ್ಬರೇ. ಎಂಬತ್ತನಾಲ್ಕರ ಮಾತು. ಮಾಲೂರಿನ ರೈಲು ಹಳಿಯ ಪಕ್ಕ ನನ್ನ ಶೆಡ್ಡು. ಮಂಡ್ಯದಿಂದ ಬಂದು ಆರು ತಿಂಗಳೂ ಆಗಿರಲಿಲ್ಲ. ಇಲ್ಲಿಯವರ ತೆಲುಗು ನನ್ನ ತಲೆಗೆ ಹತ್ತುತ್ತಿರಲಿಲ್ಲ, ಕಲಿಯುವ ಗೋಜಿಗೂ ಹೋಗಿರಲಿಲ್ಲ. ಅಷ್ಟು ಜಂಬ ನನಗೆ.

ಅವರು ತಾಯಲೂರಿನವರು, ಉಗಿ ಎಂಜಿನ್ ಓಡಿಸಿ ನಿವೃತ್ತರಾದವರು. ಬಿಳಿ ಅಂಬಾಸಿಡರ್ ಕಾರಿನ ಎಡಗಡೆಯ ಮುಂಬಾಗಿಲು ತಟ್ಟಿ, "ಇಲ್ಲಿ ನಮ್ ಎಂಜಿನ್ ಬರೀಪ್ಪಾ. ಇದೊಂದ್ ಮಾತ್ರ ಮರೀಬ್ಯಾಡ," ಎಂದು ಒಂದು ಚೀಟಿ ಕೈಗಿಟ್ಟು ಬಸ್ಸಿಗೆ ಓಡಿದರು. ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಎರಡೇ ಪದ: ತಲುಪು ಮುಯ್ಯಿ.

ಊರು ತಲುಪು, ಮುಯ್ಯಿ ತೀರಿಸು ಅಂತೇನೋ ಇರಬೇಕು ಅಂದುಕೊಂಡೆ. ಲಾರಿಯವರು ಇದಕ್ಕಿಂತ ವಿಚಿತ್ರವಾದದ್ದನ್ನು ಬರೆಸುತ್ತಾರೆ.

ಸ್ಪ್ರೇ ಗನ್ ಹಿಡಿದು ಬಾಯ್ಲರಿಗೆ ಕಪ್ಪು ಹೊಡೆದೆ, ಹೊಗೆಗೆ ಬೂದು. ಡ್ರೈವರ್ ನಿಲ್ಲುವ ಗೂಡಿನ ಬಾಗಿಲನ್ನು ತೆರೆದೇ ಬರೆದೆ, ಒಳಗಿನ ಬೆಂಕಿ ಕಾಣಲಿ ಎಂದು. ಕೆಳಗೆ ಹಳದಿಯಲ್ಲಿ ಆ ಎರಡು ಪದ.

ಮಾರನೆಯ ಬೆಳಿಗ್ಗೆ ನೋಡಿದರೆ ಚಿತ್ರದ ಆ ಬಾಗಿಲಲ್ಲಿ ಒಬ್ಬ ನಿಂತಿದ್ದ. ತಲೆಗೆ ಟವೆಲು ಸುತ್ತಿ ಸಲಿಕೆ ಹಿಡಿದ ಕಪ್ಪು ಆಳು, ಮುಖವಿಲ್ಲ. ಬಣ್ಣ ಇಳಿದಿರಬೇಕೆಂದು ತಿನ್ನರ್ ಹಾಕಿ ಒರೆಸಿದೆ. ಒಣಗುವಷ್ಟರಲ್ಲಿ ಮತ್ತೆ ನಿಂತಿದ್ದ, ಈ ಸಲ ಹೊರಕ್ಕೆ ಬಾಗಿ.

ಮಧ್ಯಾಹ್ನ ಕೋದಂಡರಾಮಪ್ಪ ಬಂದರು. ನೋಡಿದವರೇ ನೆಲದ ಮೇಲೆ ಕುಳಿತುಬಿಟ್ಟರು.

"ಏನಪ್ಪಾ ಮಾಡ್ಬಿಟ್ಟೆ! ಬಾಗ್ಲು ಮುಚ್ಚಿರೋ ಹಂಗೆ ಬರಿ ಅಂತ ಅಲ್ವಾ ಚೀಟಿ ಕೊಟ್ಟಿದ್ದು? ತಲುಪು ಅಂದ್ರೆ ಬಾಗ್ಲು, ಮುಯ್ಯಿ ಅಂದ್ರೆ ಮುಚ್ಚು. ನಮ್ ತೆಲುಗು ಮಾತು ಕಣಪ್ಪಾ. ಇವನ್ನ ಎಲ್ಲಿ ನೋಡಿದ್ದೆ ನೀನು?"

"ನಾನು ಬರೀಲಿಲ್ಲ ಸ್ವಾಮಿ. ಅವನೇ ಬಂದ."

ಅವರು ಚಿತ್ರದಲ್ಲಿ ನಿಂತವನ ಮೇಲೆ ಬೆರಳಿಟ್ಟರು.

"ನಮ್ ಹೆಂಡ್ತಿ ತಮ್ಮ, ಕದಿರೇಶ. ನನ್ ಎಂಜಿನ್ನಿಗೆ ಕಲ್ಲಿದ್ದಲು ಹಾಕ್ತಿದ್ದ. ಓಡೋವಾಗ ಬಾಗ್ಲು ಬಡ್ಕೊಂತಿತ್ತು, ತಲುಪು ಮುಯ್ಯರಾ ಅಂತ ಗದರಿದೆ. ಮುಚ್ಚಕ್ಕೆ ಬಗ್ಗಿದೋನು ಹೊರಕ್ಕೆ ಬಿದ್ದು ಸತ್ತೇಹೋದ. ಹನ್ನೆರಡು ವರ್ಷ ಆಯ್ತು, ಕಣ್ಮುಚ್ಚಿದ್ರೆ ಆ ಬಾಗ್ಲು ಬಡ್ಕೊಂತಾನೇ ಇರ್ತೈತೆ. ಚಿತ್ರದಲ್ಲಾದ್ರೂ ಮುಚ್ಚಿರೋದು ನೋಡಿದ್ರೆ ನಿದ್ದೆ ಬರುತ್ತೇನೋ ಅಂತ..."

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. "ಅಳಿಸ್ಬುಟ್ಟು ಬೇರೆ ಬರ್ಕೊಡ್ತೀನಿ ಸ್ವಾಮಿ," ಎಂದೆ. ಅವರು ಬೇಡವೆಂದು ಕೈಯಾಡಿಸಿ, ಬಲಗಡೆಯಿಂದ ಹತ್ತಿ ಸ್ಟೀರಿಂಗ್ ಹಿಡಿದು ಕುಳಿತರು. ಬಣ್ಣ ಒಣಗಲೆಂದು ನಾನು ಬಿಟ್ಟಿದ್ದ ಎಡಬಾಗಿಲು ಪೂರ್ತಿ ತೆರೆದೇ ಇತ್ತು. ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ಮಗುವಿಗೆ ಹೇಳುವ ಹಾಗೆ ಹೇಳಿದರು:

"ಕದಿರೇಶಾ, ಮೆಲ್ಲಗಾ ತಲುಪು ಮುಯ್ಯರಾ."

ಗಾಳಿ ಇರಲಿಲ್ಲ. ಅವರ ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು. ಬಾಗಿಲು ಮೆಲ್ಲಗೆ ಬಂದು, ಒಳಗಿನಿಂದ ಯಾರೋ ಎಳೆದುಕೊಂಡಂತೆ ಟಕ್ಕೆಂದು ಮುಚ್ಚಿಕೊಂಡಿತು. ಮುದುಕರು ಗಟ್ಟಿಯಾಗಿ ಅತ್ತುಬಿಟ್ಟರು.

ಕಾರು ಹೊರಟಾಗ ಚಿತ್ರ ನೋಡಿದೆ. ಎಂಜಿನ್ನಿನ ಗೂಡಿನಲ್ಲಿ ಬೆಂಕಿಯಷ್ಟೇ ಇತ್ತು, ನಿಂತಿದ್ದವನು ಅಲ್ಲಿರಲಿಲ್ಲ. ಕಾರು ಮಾತ್ರ ಎಡಗಡೆಗೆ ಒಂದಿಷ್ಟು ಕುಸಿದಿತ್ತು, ಒಬ್ಬ ಆಳಿನ ಭಾರಕ್ಕೆ.