ಮಗ್ಗುಲಾಗಿ ಮಲಗಿದ ಗಡ್ಡೆ

ಬೆಟ್ಟದೂರಾದ ಖಾನ್ಸಾರಿನ ಆ ಓಣಿಯಲ್ಲಿ ಖಾವರಳ ಕೈಗುಣ ಅಂದರೆ ಎಲ್ಲರೂ ತಲೆದೂಗುತ್ತಿದ್ದರು. ವಸಂತ ಬಂದರೆ ಅವಳ ಅಂಗಳದಲ್ಲಿ ಬೋರಲು ಲಾಲೆ ಎಂಬ ಹೂಗಿಡಗಳು ಸೊಂಟದೆತ್ತರ ಎದ್ದು, ಹಳದಿ ಹೂಗಳನ್ನು ನೆಲಕ್ಕೆ ಮುಖ ಮಾಡಿ ತೂಗಿಬಿಡುತ್ತಿದ್ದವು. ಕೆಂಪು ಲಾಲೆ ಬೇಕಾದರೆ ಬೆಟ್ಟದ ತುಂಬ ಇದೆ. ಹಳದಿ ಇದ್ದದ್ದು ಅವಳೊಬ್ಬಳ ಮನೆಯಲ್ಲಿ. ಕೇಳಿದವರಿಗೆ ಧಾರಾಳವಾಗಿ ಗಡ್ಡೆ ಕೊಡುತ್ತಿದ್ದಳು. ಬಾಯಿ ಆಕಾಶಕ್ಕಿರಲಿ, ನೆಟ್ಟಗೆ ನೆಡಿ ಎಂದು ಹೇಳಿಯೂ ಕಳಿಸುತ್ತಿದ್ದಳು. ಒಯ್ದವರ ಮನೆಯಲ್ಲಿ ಒಂದೂ ಏಳಲಿಲ್ಲ. ಅದು ಖಾವರಳ ಕೈಗೇ ಒಲಿದದ್ದು ಎಂದು ಜನ ಸುಮ್ಮನಾದರು. ಅವಳಿಗೆ ಬೇಕಾಗಿದ್ದದ್ದೂ ಅದೇ.

ಈ ಗಡ್ಡೆಯ ನೆತ್ತಿಯಲ್ಲೊಂದು ಕುಳಿ ಇರುತ್ತದೆ. ನೆಟ್ಟಗೆ ಕೂರಿಸಿದರೆ ಹಿಮ ಕರಗಿದ ನೀರು ಅದರಲ್ಲಿ ನಿಂತು ಗಡ್ಡೆ ಕೊಳೆಯುತ್ತದೆ. ಅಮ್ಮ ಹಾಸಿಗೆ ಹಿಡಿದಾಗ ಆರು ಗಡ್ಡೆ ಖಾವರಳ ಮಡಿಲಿಗೆ ಹಾಕಿ, "ಹಾಲು ಕುಡಿದ ಕೂಸನ್ನ ಮಗ್ಗುಲಾಗಿ ಮಲಗಿಸ್ತೀವಲ್ಲ, ಹಾಗೆ ಮಲಗಿಸು. ಮೂರು ನಿನಗೆ, ಮೂರು ನೊಸ್ರತ್‌ಗೆ. ಅವಳಿಗೂ ಹೇಳು" ಎಂದಿದ್ದಳು. ತಂಗಿ ನೊಸ್ರತ್ ಆಗ ಗಂಡನ ಜೊತೆ ದೂರದ ಊರಿನಲ್ಲಿದ್ದಳು.

ಖಾವರ್ ಮೂರನ್ನು ಕೊಟ್ಟಳು, ಅಮ್ಮನ ಮಾತನ್ನು ಕೊಡಲಿಲ್ಲ; ನೆಟ್ಟಗೆ ನೆಡು ಎಂದಳು. ಚೆಲುವು ತಂಗಿಗೆ, ಒಳ್ಳೆಯ ಗಂಡ ತಂಗಿಗೆ, ಅಮ್ಮನ ಮುದ್ದೂ ತಂಗಿಗೇ. ಹೂವಾದರೂ ನನ್ನದಿರಲಿ ಎಂಬ ಹೊಟ್ಟೆಕಿಚ್ಚು, ಬೇರೇನಲ್ಲ.

ನೊಸ್ರತಳ ಮೂರೂ ಕೊಳೆತವು. ಮರುವರ್ಷ ಅವಳಿಗೆ ಗರ್ಭ ಇಳಿಯಿತು, ಅದರ ಮರುವರ್ಷ ಮತ್ತೆ. ಅಮ್ಮನ ಹೂವೇ ನಿಲ್ಲದ ಕೈಯಲ್ಲಿ ಮಗು ಎಲ್ಲಿ ನಿಂತೀತು ಎಂದು ತವರಿಗೆ ಬಂದಾಗಲೆಲ್ಲ ಅವಳೇ ಹೇಳಿಕೊಂಡು ತಿರುಗಿದಳು, ಓಣಿ ಅದನ್ನು ಎತ್ತಿಕೊಂಡಿತು. ಖಾವರಳ ಮಗಳ ಮದುವೆಯಲ್ಲಿ ವಧೂವರರ ತಲೆಯ ಮೇಲೆ ಬಿಳಿ ಬಟ್ಟೆ ಹಿಡಿದು ಬಾಳು ಸಿಹಿಯಾಗಲೆಂದು ಸಕ್ಕರೆ ಅಚ್ಚು ತಿಕ್ಕುವಾಗ, ಆ ಕೆಲಸ ಮೊದಲು ಸಲ್ಲಬೇಕಾದ್ದು ಚಿಕ್ಕಮ್ಮನಿಗೆ. ನೊಸ್ರತ್ ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಬಳಿಯೇ ನಿಂತಳು. ಖಾವರ್ ಒಮ್ಮೆ ಕರೆದು, ಇನ್ನೊಬ್ಬರಿಗೆ ಸಕ್ಕರೆ ಕೊಟ್ಟಳು.

ಗಂಡ ಸತ್ತ ಮೇಲೆ ನೊಸ್ರತ್ ಪಕ್ಕದ ಓಣಿಗೇ ಬಂದಳು. ಈ ಸಲ ಶರತ್ಕಾಲದಲ್ಲಿ ಖಾವರ್ ಮಂಡಿಯ ಆಪರೇಷನ್‌ಗೆಂದು ಇಸ್ಫಹಾನಿನಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಉಳಿದಳು. ಆಗಲೇ ನೀರಿನ ಪೈಪು ಹಾಕುವವರು ಅಂಗಳ ಅಗೆದರು. ಖಾವರ್ ಊರುಗೋಲಿನಲ್ಲಿ ಬಂದಿಳಿದಾಗ ನೊಸ್ರತ್ ಬಾಗಿಲಲ್ಲೇ ಕಾದಿದ್ದಳು.

"ಆಬ್ಜಿ, ನನ್ನಕ್ಕಾ, ಹೆದರಬೇಡ. ಅಗೆದವರು ರಾಶಿ ಹಾಕಿದ್ದ ಇಪ್ಪತ್ತಮೂರು ಗಡ್ಡೇನೂ ನಾನೇ ಆರಿಸಿ ಮತ್ತೆ ನೆಟ್ಟೆ. ಕೈಗೆ ಬಟ್ಟೆ ಸುತ್ತಿಕೊಂಡು ಮುಟ್ಟಿದೀನಿ, ನನ್ನ ಕೈಸೋಕು ತಾಗಬಾರದು ಅಂತ. ನೀನು ಹೇಳಿಕೊಟ್ಟ ಹಾಗೇ ಎಲ್ಲಾ ಬಾಯಿ ಮೇಲೆ. ಗೋಡೆ ಮೂಲೇಲಿ ಒಂದು ಮಾತ್ರ ಕೆಳಗೆ ಕಲ್ಲು ಸಿಕ್ಕಿ ಅಡ್ಡ ಬಿತ್ತು, ಎಷ್ಟು ಮಾಡಿದ್ರೂ ನೆಟ್ಟಗಾಗಲಿಲ್ಲ. ಬೈಬೇಡ."

ಖಾವರ್ ಬೈಯಲಿಲ್ಲ. ಹಿಮ ಬೀಳಲು ಇನ್ನೂ ಹದಿನೈದು ದಿನವಿತ್ತು. ಅವಳಿಗೆ ಬಗ್ಗಲು ಬಾರದು. ಅಗೆದು ಮಲಗಿಸು ಎಂದರೆ ಸಾಕು, ನೊಸ್ರತ್ ಒಂದು ಮಧ್ಯಾಹ್ನದಲ್ಲಿ ಮಾಡಿಬಿಡುತ್ತಾಳೆ. ಆದರೆ ಯಾಕೆ ಎಂದು ಕೇಳದಿರುತ್ತಾಳೆಯೇ? ಆಳು ಕರೆಸೋಣವೆಂದರೆ ತಂಗಿ ದಿನಕ್ಕೆರಡು ಸಲ ಬರುತ್ತಾಳೆ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತ ಖಾವರ್ ಕಿಟಕಿಯ ಬಳಿ ಕೂತಳು. ನೊಸ್ರತ್ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಗಲೇ ಒಂದು ಸಂಜೆ ಹಿಮ ಶುರುವಾಯಿತು. ಹೂವು ಹೋದರೆ ಹೋಗಲಿ ಎಂದು ಖಾವರ್ ಬಾಯಿ ಮುಚ್ಚಿಕೊಂಡಳು.

ವಸಂತದ ಹೊಸವರ್ಷ ನವ್‌ರೋಜ್ ಕಳೆದು ತಿಂಗಳಾಯಿತು. ಅಂಗಳದಲ್ಲಿ ಬರೀ ಕೆಸರು. ನೊಸ್ರತ್ ದಿನಾ ಬಂದು ಮಣ್ಣು ನೋಡಿ, ನನ್ನ ಹಾಳು ಕೈ ನಿನ್ನ ಮನೆಯನ್ನೂ ಬಿಡಲಿಲ್ಲ ಎಂದು ಅಳುತ್ತಿದ್ದಳು. ಖಾವರ್ ತಂಗಿಯನ್ನು ಅಳಲು ಬಿಟ್ಟಳು.

ಆಮೇಲೆ ಗೋಡೆಯ ಮೂಲೆಯಲ್ಲಿ ಒಂದು ಮೊಳಕೆ ಎದ್ದಿತು. ನೋಡನೋಡುತ್ತ ದಂಟಾಯಿತು, ಮೊಗ್ಗಾಯಿತು, ಆರು ಹಳದಿ ಹೂ ತಲೆ ತಗ್ಗಿಸಿದವು. ಅಂದು ನೊಸ್ರತ್ ಬಿಸಿ ಆಶ್ ಗಂಜಿ ತುಂಬಿದ ಬಟ್ಟಲು ಹಿಡಿದು ಬಂದವಳು ಅದನ್ನು ನೆಲಕ್ಕಿಟ್ಟು ಹೂವಿನ ಎದುರು ಕುಕ್ಕರಗಾಲಲ್ಲಿ ಕೂತಳು. ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿದಳು.

"ಇದು ಕಲ್ಲಿಗೆ ಸಿಕ್ಕಿ ಅಡ್ಡ ಬಿದ್ದದ್ದು," ಎಂದಳು.

"ಅದರ ಅದೃಷ್ಟ," ಎಂದಳು ಖಾವರ್ ಕಿಟಕಿಯಿಂದ.

"ಅಮ್ಮ ನಿನಗೆ ಹ್ಯಾಗೆ ನೆಡೋಕೆ ಹೇಳಿದ್ಲು, ಆಬ್ಜಿ?"

ಖಾವರ್ ಊರುಗೋಲಿಗೆ ತಡಕಾಡಿದಳು.

ನೊಸ್ರತ್ ತನ್ನ ಎರಡು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇಪ್ಪತ್ತೆಂಟು ವರ್ಷ ನಾನು ಯಾರ ಕೂಸನ್ನೂ ಎತ್ತಿಕೊಳ್ಳಲಿಲ್ಲ. ನಿನ್ನ ಮಗಳ ಮಕ್ಕಳನ್ನೂ."

ದನಿ ಏರಿರಲಿಲ್ಲ. ಎದ್ದು, ಬಟ್ಟಲನ್ನು ಒಳಗೆ ತಂದು ಅಕ್ಕನ ಮುಂದಿಟ್ಟು, ಪಕ್ಕದಲ್ಲಿ ಚಮಚವನ್ನೂ ಇಟ್ಟಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಸಂಜೆ ಮಂಡಿಗೆ ಎಣ್ಣೆ ತಿಕ್ಕಲು ಬರಲಿಲ್ಲ, ಮರುದಿನವೂ ಬರಲಿಲ್ಲ. ಗೋಡೆಯಾಚೆ ಹೆಂಗಸರು ಖಾವರಳ ಕೈಗುಣ ಹೊಗಳುತ್ತಿದ್ದರು, ತಂಗಿ ಕೆಡಿಸಿದರೂ ಒಂದು ಉಳಿಯಿತಲ್ಲ ಎಂದು.